ಕಾರಿನ ಕೊಟೇಶನ್‌ನಲ್ಲಿ ವಿಮೆ ಒಂದೇ ಸಾಲಲ್ಲಿ ಮುಗಿಯಬಾರದು

ಸಂಪಾದಕರಿಗೆ ನಮಸ್ಕಾರ.

ನಾನು ಕಲಬುರಗಿಯ ಕಪನೂರು ಕೈಗಾರಿಕಾ ಪ್ರದೇಶದ ಒಂದು ದಾಲ್‌ಮಿಲ್‌ನಲ್ಲಿ 22 ವರ್ಷದಿಂದ ಲೆಕ್ಕ ಬರೆಯುತ್ತಿದ್ದೇನೆ. ಮಿಲ್ಲಿನ ಲಾರಿಗಳ ವಿಮೆ ನೋಡಿಕೊಳ್ಳುವುದೂ ನನ್ನ ಕೆಲಸವೇ. ಯಾವ ಲಾರಿಯ ಪಾಲಿಸಿ ಯಾವ ತಾರೀಖಿಗೆ ಮುಗಿಯುತ್ತದೆ ಅಂತ ನಿದ್ದೆಯಲ್ಲಿ ಕೇಳಿದರೂ ಹೇಳುತ್ತೇನೆ. ಅಂಥ ನನಗೇ ಹೋದ ತಿಂಗಳು ಮಗನ ಕಾರಿನ ವಿಮೆಯ ಲೆಕ್ಕ ಬಿಡಿಸಲು ಮೂರು ಸಂಜೆ ಹಿಡಿಯಿತು. ಅದಕ್ಕೇ ಈ ಪತ್ರ.

ಮಗ ಸೇಡಂ ಕಡೆಯ ಸಿಮೆಂಟ್ ಕಾರ್ಖಾನೆಯಲ್ಲಿ ಎಂಜಿನಿಯರ್. ಐದು ವರ್ಷ ಒಂದು ಸಣ್ಣ ಕಾರು ಓಡಿಸಿದ. ಅವನಿಗೆ ಕಾಲೇಜಿನ ದಿನಗಳಿಂದಲೂ ಸ್ಪೋರ್ಟ್ಸ್ ಕಾರಿನ ಆಸೆ. ಎರಡೇ ಬಾಗಿಲಿನ ಕಾರು ನಮ್ಮಂಥವರಿಗೆ ಎಟುಕುವುದಿಲ್ಲ. ಹಾಗಾಗಿ ನಾಲ್ಕು ಬಾಗಿಲಿನ, ನೆಲಕ್ಕೆ ಹತ್ತಿರ ಕೂತಂತಿರುವ, 1498 ಸಿಸಿ ಟರ್ಬೊ ಎಂಜಿನ್‌ನ, 150 ಪಿಎಸ್ ಶಕ್ತಿಯ ಕೆಂಪು ಕಾರು ನೋಡಿಕೊಂಡು ಬಂದ. ಬೇಡ ಅನ್ನಲಿಲ್ಲ ನಾನು. ದುಡಿದ ದುಡ್ಡು, ಅವನ ಆಸೆ. ಅದರಲ್ಲಿ ತಪ್ಪೇನು ಅಲ್ವಾ?

ಷೋರೂಮಿನವರು ಕೊಟ್ಟ ಕೊಟೇಶನ್ ತಂದು ನನ್ನ ಮುಂದಿಟ್ಟ. ಷೋರೂಮ್ ಬೆಲೆ 19 ಲಕ್ಷ. ತೆರಿಗೆ ಇಷ್ಟು. ಅದರ ಕೆಳಗೆ 'ವಿಮೆ: 91,600' ಅಂತ ಒಂದು ಸಾಲು. ಅಷ್ಟೇ. ಯಾವ ಕಂಪನಿ, ಎಷ್ಟು ಮೊತ್ತಕ್ಕೆ, ಎಷ್ಟು ವರ್ಷಕ್ಕೆ, ಏನೇನು ಸೇರಿದೆ, ಒಂದೂ ಇರಲಿಲ್ಲ. ಮಿಲ್ಲಿನಲ್ಲಿ 40 ರೂಪಾಯಿಯ ಸುತಳಿಗೂ ಬಿಲ್ಲು ಬಿಡಿಸಿ ಕೇಳುವವಳು ನಾನು. 91 ಸಾವಿರವನ್ನು ಒಂದೇ ಸಾಲಲ್ಲಿ ಹೇಗೆ ಒಪ್ಪಲಿ?

ಮರುದಿನ ನಾನೇ ಹೋಗಿ ಕೇಳಿದೆ. ಅಲ್ಲಿನ ಹುಡುಗ ಮೆತ್ತಗೆ ಮಾತಾಡುವವನು. "ಮೇಡಮ್, ನಿಮಗ ಟೆನ್ಷನ್ ಬ್ಯಾಡ್ರಿ, ಎಲ್ಲಾ ಅದರಾಗ ಬಂದದ" ಅಂದ. ಬಿಡಿಸಿ ಬರೆದುಕೊಡಿ ಅಂದೆ. ಬುಕಿಂಗ್ ಮಾಡಿದ ಮೇಲೆ ಕೊಡುತ್ತೇವೆ ಅಂದ. ಹೊರಗಿಂದ ವಿಮೆ ತರುತ್ತೇವೆ ಅಂದದ್ದಕ್ಕೆ, "ಹೊರಗ ತಗೊಂಡ್ರ ಡಿಸ್ಕೌಂಟ್ ಹೋಗ್ತದ್ರಿ, ಮುಂದ ಕ್ಯಾಶ್‌ಲೆಸ್‌ಗೂ ತ್ರಾಸ ಆಗ್ತದ" ಅಂದ. ಕ್ಯಾಶ್‌ಲೆಸ್ ಅಂದರೆ ರಿಪೇರಿಯ ದುಡ್ಡನ್ನು ವಿಮಾ ಕಂಪನಿಯೇ ಗ್ಯಾರೇಜಿಗೆ ಕಟ್ಟುವುದು. ಆ ಹುಡುಗನ ಮೇಲೆ ನನಗೆ ಸಿಟ್ಟಿಲ್ಲ. ಅವನಿಗೆ ಹೇಳಿಕೊಟ್ಟದ್ದನ್ನು ಅವನು ಹೇಳಿದ. ಆದರೆ ಷೋರೂಮ್‌ಗಳು ವಿಮೆ ಮಾರುವುದಕ್ಕೆ ವಿಮಾ ಕಂಪನಿಗಳ ಮೇಲೆ ನಿಗಾ ಇಡುವ ಐಆರ್‌ಡಿಎಐ ಸಂಸ್ಥೆ 2017ರಲ್ಲೇ ನಿಯಮ ಮಾಡಿದೆ. ನಮ್ಮಲ್ಲೇ ವಿಮೆ ಮಾಡಿಸಬೇಕು ಅಂತ ಗಿರಾಕಿಯನ್ನು ಒತ್ತಾಯ ಮಾಡುವಂತಿಲ್ಲ. ಈ ಮಾತು ನಮ್ಮ ಭಾಗದಲ್ಲಿ ಎಷ್ಟು ಜನರಿಗೆ ಗೊತ್ತಿದೆ?

ಆ ಸಂಜೆಯಿಂದ ತಾಯಿ ಮಗ ಕೂತು ಲೆಕ್ಕ ಶುರು ಮಾಡಿದೆವು.

ಮೊದಲು ಥರ್ಡ್ ಪಾರ್ಟಿ. ನಮ್ಮ ಗಾಡಿಯಿಂದ ಬೇರೆಯವರಿಗೆ ಆಗುವ ಹಾನಿಗೆ ಇದು. ಕಾನೂನಿನ ಪ್ರಕಾರ ಕಡ್ಡಾಯ. ಇದರ ದರವನ್ನು ಕೇಂದ್ರ ಸರ್ಕಾರವೇ ಗೊತ್ತು ಮಾಡುತ್ತದೆ. ಹಾಗಾಗಿ ಯಾವ ಕಂಪನಿಗೆ ಹೋದರೂ ಒಂದೇ. ಹೊಸ ಕಾರಿಗೆ ಮೂರು ವರ್ಷದ್ದು ಒಟ್ಟಿಗೇ ಕಟ್ಟಬೇಕು ಅಂತ 2018ರ ಸೆಪ್ಟೆಂಬರ್‌ನಿಂದ ಇದೆ. 2022ರ ಜೂನ್ 1ರಿಂದ ಬಂದ ದರದಲ್ಲಿ ಮೂರು ವರ್ಷಕ್ಕೆ 1000 ಸಿಸಿವರೆಗಿನ ಕಾರಿಗೆ 6,521, ಅಲ್ಲಿಂದ 1500 ಸಿಸಿವರೆಗೆ 10,640, ಅದರ ಮೇಲೆ 24,596 ರೂಪಾಯಿ. ಜಿಎಸ್‌ಟಿ ಬೇರೆ.

ಇಲ್ಲಿ ನನಗೆ ಒಂದು ಅಚ್ಚರಿ ಕಾದಿತ್ತು. ಕಾರು ಎಷ್ಟು ಜೋರಾಗಿ ಓಡುತ್ತದೆ ಅಂತ ಈ ದರ ನೋಡುವುದೇ ಇಲ್ಲ. ಎಂಜಿನ್ ಎಷ್ಟು ಸಿಸಿ ಅಂತ ಮಾತ್ರ ನೋಡುತ್ತದೆ. ಹುಂಡೈ ಐ20 ಎನ್ ಲೈನ್ 998 ಸಿಸಿ ಟರ್ಬೊ, 120 ಪಿಎಸ್. ಮಾರುತಿ ಆಲ್ಟೊ ಕೆ10 ಕೂಡ 998 ಸಿಸಿ. ಎರಡಕ್ಕೂ ಥರ್ಡ್ ಪಾರ್ಟಿ ಒಂದೇ! ನಮ್ಮ ಕೆಂಪು ಕಾರು 1498 ಸಿಸಿ. ಇನ್ನು ಎರಡೇ ಎರಡು ಸಿಸಿ ಇದ್ದರೆ 1500ರ ಗೆರೆ ಮುಟ್ಟುತ್ತಿತ್ತು. ಆ ಗೆರೆ ದಾಟಿದರೆ ಖರ್ಚು ಎರಡು ಪಟ್ಟಿಗಿಂತ ಜಾಸ್ತಿ. ಯುವಕರು ಕಾರು ಆರಿಸುವ ಮೊದಲು ಆರ್‌ಸಿಯಲ್ಲಿ ಬರುವ ಈ ಸಿಸಿ ಒಂದನ್ನು ಸುಮ್ನೆ ನೋಡಿಕೊಂಡರೂ ಸಾಕು.

ಷೋರೂಮಿನ 91,600ರಲ್ಲಿ ಈ 10,640 ಯಾರೂ ಕಡಿಮೆ ಮಾಡಲಾಗದ ದುಡ್ಡು. ಉಳಿದದ್ದರಲ್ಲೇ ಆಟ. ನಮ್ಮ ಗಾಡಿಗೇ ಆಗುವ ಹಾನಿಯ ಭಾಗ ಅದು, ಓನ್ ಡ್ಯಾಮೇಜ್ ಅನ್ನುತ್ತಾರೆ. 2007ರಿಂದ ಇದರ ದರ ಕಂಪನಿಗಳ ಕೈಗೇ ಬಿಟ್ಟಿದ್ದಾರೆ. ಹಳೆಯ ಸರ್ಕಾರಿ ದರಪಟ್ಟಿಯನ್ನು ಇಟ್ಟುಕೊಂಡು ಅದರ ಮೇಲೆ ಒಬ್ಬರು 20 ಪರ್ಸೆಂಟ್ ಬಿಡುತ್ತಾರೆ, ಇನ್ನೊಬ್ಬರು 50 ಬಿಡುತ್ತಾರೆ. ಗಿರಾಕಿ ಕೇಳಿದರೆ ಬಿಡುತ್ತಾರೆ. ಕೇಳದಿದ್ದರೆ ಯಾಕೆ ಬಿಡುತ್ತಾರೆ?

ಆ ಪಟ್ಟಿಯಲ್ಲಿ ಬೆಂಗಳೂರು, ಹೈದರಾಬಾದ್, ಪುಣೆಯಂಥ ಎಂಟು ದೊಡ್ಡ ಊರು 'ಎ' ವಲಯ. ನಮ್ಮ ಕಲಬುರಗಿಯ ಕೆಎ 32 ನಂಬರಿನ ಗಾಡಿಗಳು 'ಬಿ' ವಲಯ, ಸ್ವಲ್ಪ ಅಗ್ಗ. ಹೈದರಾಬಾದ್‌ನಲ್ಲಿರುವ ನನ್ನ ತಮ್ಮ, "ಅಕ್ಕಾ, ಇಲ್ಲೇ ತಗೊಳ್ಳಲಿ, ಎಲ್ಲಾ ಸೋವಿ ಆಗ್ತದ" ಅಂದಿದ್ದ. ಲೆಕ್ಕ ಹಾಕಿದರೆ ವಿಮೆಯಲ್ಲಿ ಅಲ್ಲೇ ತುಟ್ಟಿ. ದೊಡ್ಡ ಅಂತರವಲ್ಲ, ರಿಯಾಯಿತಿ ಕಳೆಯುವ ಮೊದಲು 1,600ರ ಆಸುಪಾಸು. ಆದರೂ ಮಾಮನ ಮಾತು ಕೇಳಿ ಮಗ ಹೊರಟೇಬಿಟ್ಟಿದ್ದ, ಅದಕ್ಕೆ ಹೇಳಿದೆ.

ನಮ್ಮ ಮಿಲ್ಲಿನ ಲಾರಿಗಳಿಗೆ ವಿಮೆ ಮಾಡಿಸುವ ಸರ್ಕಾರಿ ಕಂಪನಿಯ ಏಜೆಂಟರನ್ನು ಕರೆದು ಕೇಳಿದೆವು. ಅವರು 63,800 ಅಂದರು. ಮಗ ಮೊಬೈಲ್‌ನಲ್ಲಿ ತಾನೇ ಹುಡುಕಿದ. "ಅವ್ವಾ, 39,400ಕ್ಕ ಬರ್ತದ ನೋಡು!" ಅಂತ ಕುಣಿದ. ಮೂರು ಲೆಕ್ಕ, ಒಂದೇ ಕಾರು. 91,600, 63,800, 39,400.

ಅಗ್ಗದ್ದು ಕಂಡ ಕೂಡಲೇ ದುಡ್ಡು ಕಟ್ಟಿಬಿಡುವವರೇ ಜಾಸ್ತಿ. ನಾನು ಮಗನ ಕೈಯಿಂದ ಮೊಬೈಲ್ ಇಸಕೊಂಡು ಒಂದೊಂದೇ ಸಾಲು ಓದಿದೆ. ಹೊಸ ಕಾರಿಗೆ ಷೋರೂಮ್ ಬೆಲೆಯಲ್ಲಿ 5 ಪರ್ಸೆಂಟ್ ಕಳೆದು ಐಡಿವಿ ಹಿಡಿಯುತ್ತಾರೆ. ಕಾರು ಕಳುವಾದರೆ, ಪೂರ್ತಿ ಜಖಂ ಆದರೆ ಕೈಗೆ ಬರುವ ಮೊತ್ತವೇ ಈ ಐಡಿವಿ. ನಮ್ಮದಕ್ಕೆ 18,05,000 ಆಗಬೇಕು. ಆ ಅಗ್ಗದ ಪಾಲಿಸಿಯಲ್ಲಿ 16,60,000 ಇತ್ತು. ಅಂದರೆ ಕಾರು ಕಳೆದುಹೋದ ದಿನ ನಾವು 1,45,000 ಕಳಕೊಂಡ ಹಾಗೆ. ಅದರ ಜತೆಗೆ 'ವಾಲಂಟರಿ ಡಿಡಕ್ಟಿಬಲ್ 15,000' ಅಂತ ಒಂದು ಕಡೆ ಮೊದಲೇ ಟಿಕ್ ಹಾಕಿಟ್ಟಿದ್ದರು. ಪ್ರತಿ ಕ್ಲೇಮಿಗೂ ಮೊದಲ 15 ಸಾವಿರ ನಾವೇ ಹಾಕಿಕೊಳ್ಳಬೇಕು. ಇದು 1500 ಸಿಸಿವರೆಗಿನ ಕಾರಿಗೆ ಇರುವ ಕಡ್ಡಾಯ 1,000 ರೂಪಾಯಿಯ ಮೇಲೆ ಬೇರೆ. ಝೀರೋ ಡೆಪ್ ಇರಲೇ ಇಲ್ಲ.

ಈ ಝೀರೋ ಡೆಪ್ ಬಗ್ಗೆ ಸ್ವಲ್ಪ ಹೇಳಲೇಬೇಕು. ಮಾಮೂಲಿ ಪಾಲಿಸಿಯಲ್ಲಿ ಪ್ಲಾಸ್ಟಿಕ್, ರಬ್ಬರ್ ಸಾಮಾನಿಗೆ ಅರ್ಧ ದುಡ್ಡು ಮಾತ್ರ ಕೊಡುತ್ತಾರೆ, ಕಾರು ಹೊಸದೇ ಇದ್ದರೂ. ಝೀರೋ ಡೆಪ್ ಕವರ್ ಇದ್ದರೆ ಸವಕಳಿ ಅಂತ ಹೀಗೆ ಕಳೆಯುವುದಿಲ್ಲ. ಇಂಥ ಕಾರಿನಲ್ಲಿ ಮುಂದಿನ ಬಂಪರ್, ಅದರ ಕೆಳಗಿನ ತುಟಿಯಂಥ ಭಾಗ, ಬದಿಯ ಪಟ್ಟಿ, ಎಲ್ಲವೂ ಪ್ಲಾಸ್ಟಿಕ್ಕೇ. ನಮ್ಮೂರ ರಸ್ತೆ ಉಬ್ಬುಗಳು ನಿಮಗೂ ಗೊತ್ತು. ಬಿಳಿ ಬಣ್ಣ ಇಲ್ಲ, ಬೋರ್ಡ್ ಇಲ್ಲ, ಎತ್ತರಕ್ಕೆ ಅಳತೆ ಇಲ್ಲ. ನೆಲಕ್ಕೆ ಹತ್ತಿರದ ಕಾರು ಮೊದಲ ವಾರವೇ ತಳ ಕೆರೆಸಿಕೊಳ್ಳುತ್ತದೆ. ಸ್ಪೋರ್ಟ್ಸ್ ಕಾರಿಗೆ ಝೀರೋ ಡೆಪ್ ಬಿಟ್ಟು ಉಳಿಸುವ ಏಳೆಂಟು ಸಾವಿರ ಒಂದು ಬಂಪರಿಗೂ ಸಾಲುವುದಿಲ್ಲ.

ಎಂಜಿನ್ ರಕ್ಷಣೆಯ ಹೆಚ್ಚುವರಿ ಕವರ್ ಬಗ್ಗೆ ಮಗ ತಕರಾರು ತೆಗೆದ. ಕಲಬುರಗಿ ಅಂದರೆ ಬಿಸಿಲ ನಾಡು, ಇಲ್ಲಿ ಎಂಜಿನ್‌ಗೆ ನೀರು ಎಲ್ಲಿಂದ ಬರುತ್ತದೆ ಅಂತ ಅವನ ಮಾತು. 2020ರ ಅಕ್ಟೋಬರ್ ಅವನು ಮರೆತಿದ್ದ. ಭೀಮಾ ಉಕ್ಕಿ ಅಫಜಲಪುರ, ಜೇವರ್ಗಿ ಕಡೆಯ ಹಳ್ಳಿಗಳಿಗೆ ನೀರು ನುಗ್ಗಿದಾಗ ನಮ್ಮ ಸಾವ್ಕಾರರ ಕಾರು ಒಂದು ಹಳ್ಳಿಯಲ್ಲಿ ನಿಂತಿತ್ತು. ನೀರು ಬಾಗಿಲ ಮಟ ಬಂದು ಇಳಿಯಿತು. ಬೆಳಿಗ್ಗೆ ಡ್ರೈವರ್ ಚಾವಿ ತಿರುಗಿಸಿದ. ಒಳಗೆ ನೀರು ನುಗ್ಗಿದ್ದ ಎಂಜಿನ್ ಅಲ್ಲೇ ಜಾಮ್ ಆಯಿತು. ನೆರೆಯಿಂದ ಸೀಟು, ವೈರಿಂಗ್ ಹಾಳಾದದ್ದಕ್ಕೆ ದುಡ್ಡು ಬಂತು. ಎಂಜಿನ್ನಿಗೆ ಬರಲಿಲ್ಲ. ನೀರಲ್ಲಿ ನಿಂತ ಗಾಡಿಯನ್ನು ಚಾಲು ಮಾಡಿದ್ದರಿಂದ ಆದ ಹಾನಿ ಮಾಮೂಲಿ ಪಾಲಿಸಿಗೆ ಸೇರುವುದಿಲ್ಲ ಅಂದರು ಸರ್ವೇಯರ್. ಆ ಫೈಲು ಓಡಾಡಿಸಿದವಳು ನಾನೇ. ಎರಡು ಲಕ್ಷಕ್ಕೆ ಸ್ವಲ್ಪ ಕಡಿಮೆ ಖರ್ಚು ಬಂತು, ಪೂರ್ತಿ ಸಾವ್ಕಾರರ ಕೈಯಿಂದ. ಹೆಚ್ಚುವರಿ ಕವರ್‌ಗೆ ನಮಗೆ ಕೇಳಿದ್ದು 2,700 ರೂಪಾಯಿ. ಕವರ್ ಇರಲಿ ಬಿಡಲಿ, ನೀರಲ್ಲಿ ನಿಂತ ಗಾಡಿಯನ್ನು ಚಾಲು ಮಾಡದೆ ಎಳೆಸಿಕೊಂಡು ಹೋಗಬೇಕು. ಮಳೆಗಾಲದಲ್ಲಿ ರೈಲು ಹಳಿಯ ಕೆಳಗಿನ ದಾರಿಗಳಲ್ಲಿ ಸಿಕ್ಕಿಕೊಳ್ಳುವ ಎಲ್ಲರಿಗೂ ಇದು ಅನ್ವಯ.

ಇನ್ವಾಯ್ಸ್ ಕವರ್ ಅಂತ ಇನ್ನೊಂದು ಇದೆ. ನಮ್ಮ ರಾಜ್ಯದಲ್ಲಿ 10ರಿಂದ 20 ಲಕ್ಷದ ಕಾರಿಗೆ ಜೀವಿತಾವಧಿ ತೆರಿಗೆ 17 ಪರ್ಸೆಂಟ್, ಅಂದರೆ ನಮ್ಮ ಕಾರಿಗೆ ಮೂರು ಲಕ್ಷ ದಾಟಿತು. ಕಾರು ಕಳುವಾದರೆ ಐಡಿವಿಯಲ್ಲಿ ಈ ತೆರಿಗೆ ಬರುವುದಿಲ್ಲ, ಈ ಕವರ್ ಇದ್ದರೆ ಬರುತ್ತದೆ. ಆದರೂ ಏನೇನು ಸೇರಿಸಿದ್ದಾರೆ ಅಂತ ಪಾಲಿಸಿ ಓದಿ ನೋಡಬೇಕು. ಚಾವಿ ಕಳೆದರೆ, ಸಾಮಾನು ಕಳೆದರೆ ಅನ್ನುವ ಚಿಲ್ಲರೆ ಕವರ್‌ಗಳನ್ನು ನಾವು ಬಿಟ್ಟೆವು.

ಆಮೇಲೆ ಮೂರೂ ಕಡೆ ಒಂದೇ ಐಡಿವಿ, ಅವೇ ಕವರ್‌ಗಳು ಹಾಕಿಸಿ ಮತ್ತೆ ಕೇಳಿದೆವು. ಮೊಬೈಲ್‌ನ 39,400 ಏರಿ 57,100 ಆಯಿತು! ಏಜೆಂಟರದು ಅದೇ 63,800. ಷೋರೂಮಿನವರು ಕೊನೆಗೂ ಕೊಟ್ಟ ಚೀಟಿಯಲ್ಲಿ ನಾವು ಕೇಳದ ಕವರ್‌ಗಳೂ ಇದ್ದವು. ಅವನ್ನು ತೆಗೆಸಿದರೂ ಬೇರೆ ಇಬ್ಬರ ಹತ್ತಿರ ಬರಲಿಲ್ಲ.

ನನಗೆ ನಿಜವಾಗಿ ಹೊಟ್ಟೆ ಉರಿದದ್ದು ಬೇರೆ ವಿಷಯಕ್ಕೆ. ಮಗ ಹಳೆಯ ಕಾರನ್ನು ಅದೇ ಷೋರೂಮಿಗೆ ಎಕ್ಸ್‌ಚೇಂಜ್‌ಗೆ ಕೊಡುವವನಿದ್ದ. ಆ ಕಾರಿಗೆ ಸತತ ನಾಲ್ಕು ವರ್ಷ ಒಂದೂ ಕ್ಲೇಮ್ ಇಲ್ಲ. ಕ್ಲೇಮ್ ಮಾಡದವರಿಗೆ ಓನ್ ಡ್ಯಾಮೇಜ್ ಭಾಗದಲ್ಲಿ ಸಿಗುವ ರಿಯಾಯಿತಿ, ಅಂದರೆ ನೋ ಕ್ಲೇಮ್ ಬೋನಸ್, 45 ಪರ್ಸೆಂಟ್ ಇತ್ತು. ಮೊದಲ ವರ್ಷ 20, ಆಮೇಲೆ 25, 35, 45, ಕೊನೆಗೆ 50 ಅಂತ ಅದು ಏರುತ್ತಾ ಹೋಗುತ್ತದೆ. ಈ ಬೋನಸ್ ಕಾರಿನದ್ದಲ್ಲ, ಮಾಲೀಕನದ್ದು. ಹಳೆಯ ಕಾರು ಮಾರಿ, ಹಳೆಯ ವಿಮಾ ಕಂಪನಿಯಿಂದ ಒಂದು ಪತ್ರ ಬರೆಸಿಕೊಂಡರೆ ಹೊಸ ಕಾರಿಗೆ ಹಾಗೇ ಬರುತ್ತದೆ. ಆ ಪತ್ರ ಮೂರು ವರ್ಷ ನಡೆಯುತ್ತದೆ. ಇದನ್ನು ಷೋರೂಮಿನಲ್ಲಿ ಯಾರೂ ಹೇಳಲಿಲ್ಲ. ಹಳೆಯ ಪಾಲಿಸಿಯ ಪ್ರತಿ ಅವರ ಕೈಯಲ್ಲೇ ಇತ್ತು, ಅದರಲ್ಲಿ 45 ಅಂತ ಅಚ್ಚಾಗಿತ್ತು. ಏಜೆಂಟರ ಲೆಕ್ಕದಲ್ಲಿ ಈ ಬೋನಸ್ ಹಾಕಿದ ಮೇಲೆ 63,800 ಇಳಿದು 48,500 ಆಯಿತು. ನಾಲ್ಕು ವರ್ಷ ಒಂದು ಗೀರೂ ಬೀಳದ ಹಾಗೆ ಗಾಡಿ ಓಡಿಸಿ ಮಗ ಗಳಿಸಿದ 15 ಸಾವಿರ ಅದು. ಸುಮ್ಮನಿದ್ದಿದ್ದರೆ ಹೋಗಿಬಿಡುತ್ತಿತ್ತು.

ಕೊನೆಗೆ ಏಜೆಂಟರ ಬಳಿಯೇ ಮಾಡಿಸಿದೆವು. ಮೊಬೈಲ್‌ನಲ್ಲಿ ಇನ್ನೂ 4,600 ಕಡಿಮೆ ಇತ್ತು, ನಿಜ. ಆದರೆ ಹುಮನಾಬಾದ್ ಹತ್ತಿರ ರಾತ್ರಿ ಗಾಡಿ ನಿಂತರೆ ಫೋನ್ ಎತ್ತುವ ಒಬ್ಬ ಮನುಷ್ಯ ಊರಲ್ಲಿರಲಿ ಅಂತ ನನ್ನ ಆಸೆ. ಉಚಿತವಾಗಿ ಎಳೆದು ತರುತ್ತೇವೆ ಅನ್ನುವ ಸೇವೆಗೂ ಕಿಲೋಮೀಟರ್ ಮಿತಿ ಇರುತ್ತದೆ. ನಾವು ನೋಡಿದ ಒಂದರಲ್ಲಿ 50 ಕಿ.ಮೀ. ಅಂತ ಇತ್ತು. ಹುಮನಾಬಾದ್‌ನಿಂದ ಕಲಬುರಗಿ ಅದಕ್ಕಿಂತ ದೂರ. ಬೇರೆಯವರಿಗೆ ಮೊಬೈಲ್‌ನದ್ದೇ ಸರಿ ಅನ್ನಿಸಬಹುದು. ಅದಕ್ಕೆ ನನ್ನ ವಿರೋಧ ಇಲ್ಲ.

ಮಗನ ಗೆಳೆಯರಿಗೆ ಒಂದು ಮಾತು. ಕಾರು ತಂದ ಮೇಲೆ ಸದ್ದಿನ ಸೈಲೆನ್ಸರ್ ಹಾಕಿಸುವುದು, ಎಂಜಿನ್‌ನ ಸಾಫ್ಟ್‌ವೇರ್ ಬದಲಿಸಿ ಶಕ್ತಿ ಏರಿಸುವುದು ಮಾಡಬೇಡಿ. ವಿಮಾ ಕಂಪನಿಗೆ ಹೇಳದೆ ಮಾಡಿದರೆ ನಾಳೆ ಕ್ಲೇಮ್ ತಳ್ಳಿಹಾಕಲು ನೀವೇ ಕಾರಣ ಕೊಟ್ಟ ಹಾಗೆ.

ಸಂಪಾದಕರೇ, ನಾನು ಕೇಳುವುದು ಎರಡು. ಕಲಬುರಗಿ, ಬೀದರ್, ಯಾದಗಿರಿಯ ಕಾರು ಷೋರೂಮ್‌ಗಳು ಬುಕಿಂಗ್ ದುಡ್ಡು ತೆಗೆದುಕೊಳ್ಳುವ ಮೊದಲೇ ವಿಮೆಯನ್ನು ಬಿಡಿಸಿ ಬರೆದುಕೊಡಲಿ. ಕಂಪನಿಯ ಹೆಸರು, ಐಡಿವಿ, ಥರ್ಡ್ ಪಾರ್ಟಿ, ಓನ್ ಡ್ಯಾಮೇಜ್, ಒಂದೊಂದು ಕವರಿನ ಬೆಲೆ, ಗಿರಾಕಿಗೆ ಬರಬೇಕಾದ ಬೋನಸ್, ಎಲ್ಲವೂ ಅದರಲ್ಲಿರಲಿ. ಹೊರಗಿನ ವಿಮೆಯೂ ನಡೆಯುತ್ತದೆ ಅಂತ ಕನ್ನಡದಲ್ಲಿ ಒಂದು ಬೋರ್ಡ್ ಹಾಕಲಿ. ಆರ್‌ಟಿಒ ಕಚೇರಿಯಲ್ಲೂ ಅಂಥದೊಂದು ಬೋರ್ಡ್ ಇದ್ದರೆ ಒಳ್ಳೆಯದು, ಹೊಸ ಗಾಡಿಯವರೆಲ್ಲ ಅಲ್ಲಿಗೆ ಬಂದೇ ಬರುತ್ತಾರೆ.

ಎರಡನೆಯದು ನಿಮ್ಮ ಪತ್ರಿಕೆಗೆ. ಹಬ್ಬದ ಮೊದಲು ಕಾರಿನ ಜಾಹೀರಾತು ಪುಟ ತುಂಬಾ ಬರುತ್ತವೆ. ಅದೇ ವಾರ ಒಂದು ಮೂಲೆಯಲ್ಲಿ ಥರ್ಡ್ ಪಾರ್ಟಿಯ ದರ, ನೋ ಕ್ಲೇಮ್ ಬೋನಸ್ ಪಟ್ಟಿ ಮತ್ತು ಐಆರ್‌ಡಿಎಐಗೆ ದೂರು ಕೊಡುವ 155255 ನಂಬರನ್ನು ಹಾಕಿ. ದಸರೆಗೆ ನಮ್ಮ ಓಣಿಯಲ್ಲೇ ಇಬ್ಬರು ಹುಡುಗರು ಕಾರು ತೆಗೆದುಕೊಳ್ಳುವವರಿದ್ದಾರೆ. ಅಷ್ಟರೊಳಗೆ ಬಂದರೆ ನಾನೇ ಕತ್ತರಿಸಿ ಅವರ ಕೈಗೆ ಕೊಡುತ್ತೇನೆ.

ಇಂತಿ,
ದಾಲ್‌ಮಿಲ್‌ನ ಲೆಕ್ಕ ಬರೆಯುವ ಒಬ್ಬ ತಾಯಿ
ಬ್ರಹ್ಮಪುರ, ಕಲಬುರಗಿ