ಇನ್ನೂ ಹೂಂ ಅಂದಿಲ್ಲ

ಸ್ಟುಟ್‌ಗಾರ್ಟ್, ಜರ್ಮನಿ,
12 ಅಕ್ಟೋಬರ್ 2025

ಅಪ್ಪ, ಅಮ್ಮ,

ಕೆಲಸ ಸಿಕ್ಕಿದೆ. ಆದರೆ ಯಾರಿಗೂ ಹೇಳಬೇಡಿ, ನಾನಿನ್ನೂ ಹೂಂ ಅಂದಿಲ್ಲ.

ಗುರುವಾರ ಎಚ್‌ಆರ್‌ನವರು ಫೋನ್ ಮಾಡಿದ್ದರು. ವರ್ಷಕ್ಕೆ 42,000 ಯೂರೋ ಅಂದರು. ಮಾವನ ಕಿವಿಗೆ ಬಿದ್ದರೆ ನೂರರಿಂದ ಗುಣಿಸಿ 42 ಲಕ್ಷ ಅಂತ ಊರೆಲ್ಲ ಸಾರಿ ಬರ್ತಾರೆ. ಇಲ್ಲಿ ತೆರಿಗೆ, ಆರೋಗ್ಯ ವಿಮೆ, ಪಿಂಚಣಿ ಎಲ್ಲ ಮೊದಲೇ ಹಿಡಿದುಕೊಳ್ಳುತ್ತಾರೆ. ಮದುವೆಯಾಗದವರಿಗೆ ಇನ್ನೂ ಜಾಸ್ತಿ. ತಿಂಗಳಿಗೆ 3,500 ಅಂದರೆ ಕೈಗೆ ಬರೋದು ಸುಮಾರು 2,300. ಈ ರೂಮಿಗೇ 650 ಹೋಗುತ್ತೆ. ಸಾಲದ ಕಂತು ಬೇರೆ.

ತಪ್ಪು ನನ್ನದೂ ಇದೆ. ಎಷ್ಟು ಸಂಬಳ ಬೇಕು ಅಂತ ಇಲ್ಲಿ ಅರ್ಜಿಯಲ್ಲೇ ಬರೆಯಬೇಕು. ಏಳು ತಿಂಗಳಿಂದ 'ಕ್ಷಮಿಸಿ' ಅನ್ನೋ ಮೇಲ್‌ಗಳನ್ನೇ ಓದಿ ಓದಿ ಧೈರ್ಯ ಸಾಲಲಿಲ್ಲ, 45 ಸಾವಿರ ಅಂತ ಬರೆದಿದ್ದೆ. ಅವರು ಅದರಲ್ಲೂ ಮೂರು ಕಿತ್ತರು!

ಫೋನಲ್ಲಿ 'ಡಾಂಕೆ', ಅಂದರೆ ಥ್ಯಾಂಕ್ಸ್, ನಾಲಿಗೆ ತುದಿಗೇ ಬಂದಿತ್ತು. ಆಗ ತಿಪಟೂರಿನ ಮಾರ್ಕೆಟ್ ನೆನಪಾಯಿತು ಅಪ್ಪ. ಮೊದಲ ರೇಟು ಕೇಳಿದಾಗ ನೀವು ಮಾತೇ ಆಡದೆ, ಒಂದು ಉಂಡೆ ಕೊಬ್ಬರಿ ಎತ್ತಿಕೊಂಡು ಕೈಯಲ್ಲಿ ತಿರುಗಿಸ್ತಾ ಕೂರುತ್ತಿದ್ದಿರಲ್ಲ? ನಾನೂ ಸುಮ್ನೆ ಪೆನ್ನು ತಿರುಗಿಸ್ತಾ ಕೂತೆ. ಕೊನೆಗೆ ಆಕೆಯೇ "ಹಲೋ, ಕೇಳಿಸ್ತಿದೆಯಾ?" ಅಂದರು. ಯೋಚಿಸೋಕೆ ಸೋಮವಾರದವರೆಗೆ ಟೈಮ್ ಕೇಳಿದೆ.

ನನ್ನ ಕೈಲಿ ಒಂದು ಗಟ್ಟಿ ಲೆಕ್ಕ ಇದೆ. ನನ್ನಂಥ ಹೊಸಬರಿಗೆ ಬ್ಲೂ ಕಾರ್ಡ್, ಅಂದರೆ ಓದಿದ ವಿದೇಶಿಯರಿಗೆ ಇಲ್ಲಿದ್ದು ಕೆಲಸ ಮಾಡೋಕೆ ಕೊಡೋ ಪರವಾನಗಿ, ಸಿಗಬೇಕಾದರೆ ಈ ವರ್ಷ ಸಂಬಳ ಕನಿಷ್ಠ 43,759 ಯೂರೋ 80 ಸೆಂಟ್ ಇರಬೇಕು. ಆ 80 ಸೆಂಟನ್ನೂ ಬಿಟ್ಟಿಲ್ಲ ನೋಡಿ! ಇದು ಸರ್ಕಾರ ಹಾಕಿದ ಗೆರೆ, ನನ್ನ ಆಸೆ ಅಲ್ಲ ಅಲ್ವಾ? ಮೇಲ್‌ನಲ್ಲಿ ಅದನ್ನೇ ಮೊದಲು ಬರೆದಿದ್ದೇನೆ. ಆಮೇಲೆ ನನ್ನ ಪ್ರಾಜೆಕ್ಟ್ ವಿಷಯ ನಾಲ್ಕು ಸಾಲು. ಕೇಳಿರೋದು 48 ಸಾವಿರ. 45 ಕೊಟ್ಟರೂ ಸೇರಿಕೊಳ್ಳುತ್ತೇನೆ, ಅದನ್ನು ಬರೆದಿಲ್ಲ.

ಅವರು 42ರಲ್ಲೇ ನಿಂತರೆ? ನಿಮ್ಮ ಕೊಬ್ಬರಿ ರೇಟು ಬರೋವರೆಗೂ ಅಟ್ಟದ ಮೇಲಿರುತ್ತೆ. ಆದರೆ ನನಗೆ ಕೆಲಸ ಹುಡುಕೋಕೆ ಇಲ್ಲಿನ ಸರ್ಕಾರ ಕೊಟ್ಟಿರೋದು 18 ತಿಂಗಳು, ಅದರಲ್ಲಿ 7 ಆಗಲೇ ಮುಗಿದಿದೆ. ರಾತ್ರಿ ನಿದ್ದೆ ಬರದಿದ್ದಾಗ ಉಳಿದ 11 ಎಣಿಸ್ತೀನಿ.

ಮೇಲ್ ಇನ್ನೂ ಡ್ರಾಫ್ಟ್‌ನಲ್ಲಿದೆ. ನಾಳೆ ಬೆಳಿಗ್ಗೆ ಒಂಬತ್ತಕ್ಕೆ ಕಳಿಸ್ತೀನಿ. ಅಮ್ಮ, ಚಟ್ನಿಪುಡಿ ತಳ ಕಂಡಿದೆ. ಮಾವ ಕೇಳಿದರೆ ಇನ್ನೂ ಹುಡುಕ್ತಾ ಇದ್ದಾನೆ ಅನ್ನಿ.

ನಿಮ್ಮ,
ಪುಟ್ಟ