ಬೇಸ್ ಇಕ್ಯೂ ಪೆಡಲ್ ಕೊಳ್ಳುವವರಿಗೆ

ಎಲ್ಲರಿಗೂ ನಮಸ್ಕಾರ. ಬೇಸ್ ಗಿಟಾರಿಗೆ ಇಕ್ಯೂ ಪೆಡಲ್ (ದನಿಯ ತಗ್ಗು, ಎತ್ತರದ ಭಾಗಗಳನ್ನು ಬೇರೆಬೇರೆಯಾಗಿ ಏರಿಸಿ ಇಳಿಸುವ ಪೆಟ್ಟಿಗೆ) ಕೊಳ್ಳುವಾಗ, ಅಗ್ಗಕ್ಕೆ ಸಿಕ್ತು ಅಂತ ಮಾಮೂಲಿ ಗಿಟಾರಿನದು ತಗೋಬೇಡಿ. ಬಾಸ್ ಕಂಪನಿಯ ಗಿಟಾರ್ ಪೆಡಲ್ ಜಿಇ-7ರ ಸ್ಲೈಡರ್‌ಗಳು ಶುರುವಾಗುವುದೇ 100 ಹರ್ಟ್ಸ್‌ನಿಂದ. ನಮ್ಮ ದಪ್ಪ ಇ ತಂತಿ ನುಡಿಯುವುದು ಸುಮಾರು 41ರಲ್ಲಿ! ಅದೇ ಕಂಪನಿ ಬೇಸಿಗೆಂದೇ ಮಾಡಿದ ಜಿಇಬಿ-7ರಲ್ಲಿ 50ರಿಂದ ಇದೆ. ಅದು ದುಬಾರಿ ಅನ್ನಿಸಿದರೆ ಬೆಹ್ರಿಂಗರ್ ಕಂಪನಿಯ ಬೇಸ್ ಪೆಡಲ್ ಬಿಇಕ್ಯೂ700 ನೋಡಿ. ಮೈ ಪ್ಲಾಸ್ಟಿಕ್ಕಿನದು, ಆದರೂ ಕಲಿಯುವವರಿಗೆ ಸಾಕು.

ಹಳೇದು ಕೊಳ್ಳುವುದಾದರೆ ಒಂದೊಂದೇ ಸ್ಲೈಡರ್ ಮೇಲೆ ಕೆಳಗೆ ಸರಿಸಿ ಕೇಳಿ. ಕರಕರ ಅಂದರೆ ಬಿಟ್ಟುಬಿಡಿ. ಕಾರವಾರದ ಉಪ್ಪುಗಾಳಿ ಗೊತ್ತಲ್ವಾ, ನನ್ನದು ಎರಡೇ ಮಳೆಗಾಲಕ್ಕೆ ಹಾಗಾಯ್ತು. ಈಗ ಬಿಗಿ ಮುಚ್ಚಳದ ಡಬ್ಬಿಯಲ್ಲಿಡುತ್ತೇನೆ.

ಸ್ಟೇಜಿನಲ್ಲಿ ಬೇಸ್ ಮಬ್ಬಾಗಿ ಕೇಳಿದರೆ ಸುಮ್ನೆ 50 ಹರ್ಟ್ಸ್ ಸ್ಲೈಡರ್ ಏರಿಸಬೇಡಿ. 400 ಸ್ವಲ್ಪ ಇಳಿಸಿ, 800 ಚೂರು ಎತ್ತಿ. ಭಾನುವಾರ ಪ್ರಾಕ್ಟೀಸಿಗೆ ನನ್ನ ಪೆಡಲ್ ತರುತ್ತೇನೆ, ನಿಮ್ಮ ಬೇಸ್ ಜೋಡಿಸಿ ಕೇಳಿ ನೋಡಿ.