ಬಿಲ್ಲಿನಲ್ಲೇ ಪಾವತಿಯ ದಾರಿ ಇರಲಿ

ಮಾನ್ಯ ಸಂಪಾದಕರೇ,

ಕೊಡಗಿನ ಪೇಟೆಗಳಲ್ಲಿ ತರಕಾರಿ ಅಂಗಡಿಯಿಂದ ಪೆಟ್ರೋಲ್ ಬಂಕಿನವರೆಗೆ ಕ್ಯೂಆರ್ ಕೋಡ್ ಇಲ್ಲದ ಕಡೆ ಈಗ ಅಪರೂಪ. ಆದರೆ ಎದುರಿಗೆ ನಿಂತು ಹಣ ಕೊಡುವವರಿಗೆ ಒದಗಿರುವ ಈ ಅನುಕೂಲ, ಕೆಲಸ ಮುಗಿದ ಮೇಲೆ ಬಿಲ್ ಪಡೆದು ದೂರದಿಂದ ಹಣ ಕಳುಹಿಸುವ ಗ್ರಾಹಕರಿಗೆ ಇನ್ನೂ ಸರಿಯಾಗಿ ದೊರೆತಿಲ್ಲ. ಗೋಣಿಕೊಪ್ಪದಲ್ಲಿ ಪಂಪ್‌ಸೆಟ್ ದುರಸ್ತಿ ಮಳಿಗೆ ನಡೆಸುವವನಾಗಿ ಈ ವಿಷಯವನ್ನು ವರ್ತಕರ ಮತ್ತು ಬ್ಯಾಂಕುಗಳ ಗಮನಕ್ಕೆ ತರಬಯಸುತ್ತೇನೆ.

ನಮ್ಮಲ್ಲಿ ತೋಟ ಇಲ್ಲಿದ್ದರೂ ಮಾಲೀಕರು ಬೆಂಗಳೂರಿನಲ್ಲೋ ಮೈಸೂರಿನಲ್ಲೋ ಇರುವುದು ಸಾಮಾನ್ಯ. ಫೆಬ್ರವರಿ–ಮಾರ್ಚ್‌ನಲ್ಲಿ ರೊಬಸ್ಟಾ ಕಾಫಿಯ ಹೂವಿಗೆ ನೀರು ಹಾಯಿಸುವಾಗ ಪಂಪು ಕೆಟ್ಟರೆ ದುರಸ್ತಿ ಅಂದೇ ಆಗಬೇಕು. ಬಿಲ್ಲು ಮಾತ್ರ ತೋಟದ ಲೆಕ್ಕ ನೋಡಿಕೊಳ್ಳುವ ರೈಟರ ಕೈಗೆ ಹೋಗುತ್ತದೆ. ಅವರು ಅದರ ಫೋಟೊ ತೆಗೆದು ವಾಟ್ಸ್‌ಆಪ್‌ನಲ್ಲಿ ಮಾಲೀಕರಿಗೆ ಕಳುಹಿಸುತ್ತಾರೆ. ಮಡಚಿದ ಕಾಗದದ ಮಸುಕು ಫೋಟೊದಲ್ಲಿ ಖಾತೆ ಸಂಖ್ಯೆಯನ್ನೂ ಐಎಫ್‌ಎಸ್‌ಸಿಯನ್ನೂ ಅಂಕಿ ಅಂಕಿಯಾಗಿ ಓದಿ, ಹೊಸ ಖಾತೆಯೆಂದು ಸೇರಿಸಿ ಹಣ ಹಾಕುವಷ್ಟು ಬಿಡುವು ಅವರಿಗೆ ಆ ಹೊತ್ತಿನಲ್ಲಿ ಇರುವುದಿಲ್ಲ. ಕೊಡುವ ಮನಸ್ಸಿರುವವರ ಬಾಕಿಯೂ ಹೀಗೆ ತಿಂಗಳುಗಟ್ಟಲೆ ಉಳಿಯುತ್ತದೆ. ಕೊನೆಗೆ ಎರಡು ಮೂರು ಬಿಲ್ಲಿನ ಮೊತ್ತ ಒಟ್ಟಿಗೆ ಜಮೆಯಾದಾಗ, ಯಾವ ತೋಟದ ಯಾವ ಬಿಲ್ಲು ತೀರಿತೆಂದು ತಿಳಿಯಲು ಮತ್ತೆ ಫೋನ್ ಮಾಡಬೇಕಾಗುತ್ತದೆ.

ಇದಕ್ಕೆ ಪರಿಹಾರ ಕಷ್ಟದ್ದೇನೂ ಇಲ್ಲ. ಅಂಗಡಿಯಲ್ಲಿ ಅಂಟಿಸಿರುವ ಕೋಡಿನಲ್ಲಿ ಹಣ ಸೇರಬೇಕಾದ ವಿಳಾಸವಷ್ಟೇ ಇರುತ್ತದೆ. ಪ್ರತಿ ಬಿಲ್ಲಿಗೂ ಬೇರೆಯಾಗಿ ಸಿದ್ಧವಾಗುವ ಡೈನಮಿಕ್ ಕ್ಯೂಆರ್‌ನಲ್ಲಿ ಮೊತ್ತ ಮತ್ತು ಬಿಲ್ ಸಂಖ್ಯೆ ಮೊದಲೇ ಅಡಕವಾಗಿರುವುದರಿಂದ, ಗ್ರಾಹಕರು ಹೆಸರು ಸರಿಯಿದೆಯೇ ಎಂದು ನೋಡಿ ಪಿನ್ ಒತ್ತಿದರೆ ಸಾಕು. ಇದೇ ವಿವರಗಳ ಪೇಮೆಂಟ್ ಲಿಂಕನ್ನು ಸಂದೇಶವಾಗಿಯೂ ಕಳುಹಿಸಬಹುದು. ವಾರ್ಷಿಕ ವಹಿವಾಟು 500 ಕೋಟಿ ರೂಪಾಯಿ ಮೀರಿದ ಸಂಸ್ಥೆಗಳು ಜಿಎಸ್‌ಟಿ ನೋಂದಣಿ ಇಲ್ಲದ ಗ್ರಾಹಕರ ಬಿಲ್ಲಿನಲ್ಲಿ ಇಂಥ ಕೋಡ್ ಒದಗಿಸಬೇಕೆಂಬ ನಿಯಮ 2020ರ ಡಿಸೆಂಬರ್ 1ರಿಂದಲೇ ಇದೆ. ಸಣ್ಣವರಿಗೆ ಕಡ್ಡಾಯವಿಲ್ಲದಿದ್ದರೂ, ಟ್ಯಾಲಿಯಂಥ ಲೆಕ್ಕದ ತಂತ್ರಾಂಶಗಳಲ್ಲಿ ಈ ಸೌಲಭ್ಯ ಈಗಾಗಲೇ ಇದೆ, ಬಳಸುವವರು ಕಡಿಮೆ.

ಒಂದು ಲಕ್ಷ ರೂಪಾಯಿ ಮೀರಿದ ಬಿಲ್ಲಿಗೆ ಯುಪಿಐ ಬದಲು ಸಾಮಾನ್ಯವಾಗಿ ನೆಫ್ಟ್ ಅಥವಾ ಆರ್‌ಟಿಜಿಎಸ್ ಎಂಬ ಬ್ಯಾಂಕ್ ವರ್ಗಾವಣೆ ಬೇಕಾಗುತ್ತದೆ. ಇವುಗಳಲ್ಲಿ ಹಣ ಕಳುಹಿಸುವ ಮೊದಲೇ ಖಾತೆದಾರರ ಹೆಸರನ್ನು ಪರಿಶೀಲಿಸುವ ಸೌಲಭ್ಯವನ್ನು 2025ರ ಏಪ್ರಿಲ್ 1ರೊಳಗೆ ಕಲ್ಪಿಸುವಂತೆ ರಿಸರ್ವ್ ಬ್ಯಾಂಕ್ ಬ್ಯಾಂಕುಗಳಿಗೆ ಸೂಚಿಸಿತ್ತು. ತಪ್ಪು ಖಾತೆಗೆ ಹಣ ಹೋದೀತೆಂದು ಅಂಜುವ ಹಿರಿಯ ಗ್ರಾಹಕರಿಗೆ ಇದನ್ನು ಶಾಖೆಯ ಸಿಬ್ಬಂದಿಯೇ ತೋರಿಸಿಕೊಡಬೇಕು.

ವರ್ತಕರ ಹಿಂಜರಿಕೆಗೆ ಇನ್ನೊಂದು ಕಾರಣವೂ ಇದೆ. 2025ರ ಜುಲೈನಲ್ಲಿ ಯುಪಿಐ ಜಮೆಯ ಆಧಾರದ ಮೇಲೆ ವಾಣಿಜ್ಯ ತೆರಿಗೆ ಇಲಾಖೆ ನೋಟಿಸ್ ನೀಡಿದ ಬಳಿಕ ರಾಜ್ಯದ ಹಲವು ಸಣ್ಣ ಅಂಗಡಿಗಳು ‘ನಗದು ಮಾತ್ರ’ ಎಂದು ಫಲಕ ಹಾಕಿದವು. ಆ ಆತಂಕ ನನಗೆ ಅರ್ಥವಾಗುತ್ತದೆ. ಆದರೆ ನಗದಿನಲ್ಲಿ ಬಂದರೂ ಆನ್‌ಲೈನಿನಲ್ಲಿ ಬಂದರೂ ವಹಿವಾಟಿನ ಲೆಕ್ಕ ಒಂದೇ. ಸರಕಿಗೆ 40 ಲಕ್ಷ, ಸೇವೆಗೆ 20 ಲಕ್ಷ ರೂಪಾಯಿ ಎಂಬ ಜಿಎಸ್‌ಟಿ ನೋಂದಣಿಯ ವಾರ್ಷಿಕ ವಹಿವಾಟಿನ ಮಿತಿ ನಗದಿಗೂ ಆನ್‌ಲೈನಿಗೂ ಅನ್ವಯಿಸುತ್ತದೆ. ಬಿಲ್ ಸಂಖ್ಯೆಯೊಂದಿಗೆ ಬಂದ ಜಮೆಯಿದ್ದರೆ, ಯಾವುದು ವ್ಯಾಪಾರದ ಹಣ, ಯಾವುದು ಮನೆಯವರು ಕಳುಹಿಸಿದ್ದು ಎಂಬುದನ್ನು ಇಲಾಖೆಯ ಮುಂದೆ ತೋರಿಸುವುದೂ ಸುಲಭವಾಗುತ್ತದೆ.

ಮಳೆಗಾಲದಲ್ಲಿ ಕರೆಂಟೂ ನೆಟ್‌ವರ್ಕೂ ದಿನಗಟ್ಟಲೆ ಇಲ್ಲದಿರುವುದು ನಮ್ಮ ಜಿಲ್ಲೆಯ ವಾಸ್ತವ. ಆದ್ದರಿಂದ ಕೋಡಿನ ಜೊತೆಗೆ ಖಾತೆ ವಿವರವೂ ದಪ್ಪ ಅಕ್ಷರದಲ್ಲಿ ಬಿಲ್ಲಿನ ಮೇಲಿರಲಿ. ಚೆಕ್ ಅಥವಾ ನಗದು ತಂದವರನ್ನು ಯಾರೂ ಹಿಂದೆ ಕಳುಹಿಸಬಾರದು.

ವರ್ತಕರ ಸಂಘಗಳು ಮತ್ತು ಜಿಲ್ಲೆಯ ಬ್ಯಾಂಕುಗಳ ಕೆಲಸವನ್ನು ಹೊಂದಿಸುವ ಲೀಡ್ ಬ್ಯಾಂಕ್ ಕಚೇರಿ ಸೇರಿ ಮಡಿಕೇರಿ, ವಿರಾಜಪೇಟೆ, ಕುಶಾಲನಗರ, ಸೋಮವಾರಪೇಟೆ ಮತ್ತು ಪೊನ್ನಂಪೇಟೆಯಲ್ಲಿ, ಅಂಗಡಿಯವರು ತಮ್ಮದೇ ಬಿಲ್ ಪುಸ್ತಕ ತಂದು ಕುಳಿತು ಕಲಿಯುವಂಥ ತರಬೇತಿಯನ್ನು ಏರ್ಪಡಿಸಬೇಕೆಂದು ಕೋರುತ್ತೇನೆ. ಕಾಫಿ ಕುಯ್ಲು ಆರಂಭವಾಗುವ ಮೊದಲೇ ಅದು ನಡೆದರೆ, ಮುಂದಿನ ಹೂಮಳೆಯ ಹೊತ್ತಿಗೆ ನಾವು ಕಳುಹಿಸುವ ಬಿಲ್ಲುಗಳು ಹೊಸ ರೀತಿಯಲ್ಲೇ ಹೋಗುತ್ತವೆ.

— ಪಂಪ್‌ಸೆಟ್ ದುರಸ್ತಿ ಮಳಿಗೆಯೊಂದರ ಮಾಲೀಕ, ಗೋಣಿಕೊಪ್ಪ